ನಡೆಯುತ್ತಿರುವ ಆನ್‌ಲೈನ್ ಅಂಗಡಿಯ ಖರೀದಿ: ಕೈಸೇರುವುದೇನು, ಹೆಗಲೇರುವುದೇನು

ಅಂತರಜಾಲದ ಮೂಲಕ ಚಿಲ್ಲರೆ ವ್ಯಾಪಾರ ಮಾಡಬಯಸುವವರಲ್ಲಿ ಹಲವರು ಹೊಸದಾಗಿ ಮಳಿಗೆ ಆರಂಭಿಸುವ ಬದಲು, ಈಗಾಗಲೇ ನಡೆಯುತ್ತಿರುವ ಆನ್‌ಲೈನ್ ಅಂಗಡಿಯೊಂದನ್ನು ಅದರ ಹೆಸರು, ದಾಸ್ತಾನು ಮತ್ತು ಗ್ರಾಹಕರ ಸಮೇತ ಖರೀದಿಸಲು ಮುಂದಾಗುತ್ತಿದ್ದಾರೆ. ಇಂತಹವರು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ನೋಂದಣಿ, ವ್ಯಾಪಾರ ಚಿಹ್ನೆಯ ವರ್ಗಾವಣೆ, ಆಹಾರ ಪರವಾನಗಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ವೇಳೆಗೆ ಮಾತುಕತೆ ಮುಗಿದು, ಮುಂಗಡ ಹಣವೂ ಪಾವತಿಯಾಗಿರುವುದು ಸಾಮಾನ್ಯ. ಅರ್ಜಿಯಲ್ಲಿ ಕೇಳಲಾಗುವ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಮಾರಾಟಗಾರರಿಗೆ ಕೇಳಿದ್ದರೆ ಬೆಲೆಯೇ ಬೇರೆಯಾಗುತ್ತಿತ್ತು ಎನ್ನಬಹುದಾದ ಸಂದರ್ಭಗಳು ಇರುವುದರಿಂದ, ಅರ್ಜಿದಾರರ ತಿಳಿವಳಿಕೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ, ನೋಂದಣಿಯ ಮಿತಿಯನ್ನು ಮೀರಿ ವಹಿವಾಟು ನಡೆಸಿದಂತೆ ಕಂಡುಬಂದ ವರ್ತಕರಿಗೆ ನೋಟಿಸು ಜಾರಿ ಮಾಡಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಇದನ್ನು ಪ್ರತಿಭಟಿಸಿದ್ದು, ಅದೇ ತಿಂಗಳ 23ರಂದು ಮುಖ್ಯಮಂತ್ರಿಗಳು ವರ್ತಕರ ಸಭೆ ನಡೆಸಿ ಸಣ್ಣ ವರ್ತಕರಿಗೆ ರಿಯಾಯಿತಿಯ ಭರವಸೆ ನೀಡಿದ್ದು ಸಾರ್ವಜನಿಕರ ನೆನಪಿನಲ್ಲಿದೆ. ಸರಕುಗಳ ಮಾರಾಟಕ್ಕೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ ರೂಪಾಯಿ ಎಂಬ ನೋಂದಣಿಯ ಮಿತಿಯನ್ನು ಅಲ್ಲಿಯವರೆಗೆ ಲಕ್ಷಿಸದವರೂ ಆಗ ತಮ್ಮ ಹಳೆಯ ಲೆಕ್ಕಗಳನ್ನು ಹುಡುಕಿ ತೆಗೆಯಬೇಕಾಯಿತು. ಬೀದಿಯಂಗಡಿಯ ನಾಲ್ಕು ವರ್ಷಗಳ ಹಿಂದಿನ ವಹಿವಾಟೇ ಹೀಗೆ ಎದುರಿಗೆ ಬಂದು ನಿಲ್ಲುವುದಾದರೆ, ಆನ್‌ಲೈನ್ ಅಂಗಡಿಯ ವಿಷಯದಲ್ಲಿ ಹೇಳುವುದೇನಿದೆ? ಅದರ ಪ್ರತಿಯೊಂದು ಮಾರಾಟವೂ ಮಾರುಕಟ್ಟೆ ತಾಣದ, ಪಾವತಿ ಸಂಸ್ಥೆಯ ಇಲ್ಲವೇ ಕೊರಿಯರ್ ಸಂಸ್ಥೆಯ ಗಣಕದಲ್ಲಿ ದಾಖಲಾಗಿರುತ್ತದೆ. ಸರಕು ತಲುಪಿದ ಮೇಲೆ ನಗದು ಪಡೆಯುವ ವ್ಯವಸ್ಥೆಯಲ್ಲಿಯೂ ಹಣವು ಕೊರಿಯರ್ ಸಂಸ್ಥೆಯ ಮೂಲಕ ಬ್ಯಾಂಕ್ ಖಾತೆಗೇ ಬರುತ್ತದೆ.

ಇಂತಹ ಅಂಗಡಿಯನ್ನು ಕೊಳ್ಳುವವರಿಗೆ ಒಂದು ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ಯಾವುದನ್ನು ನೋಡಿ ಮೆಚ್ಚಿ ಬೆಲೆ ಕಟ್ಟಿದರೋ ಅದರಲ್ಲಿ ಬಹುಭಾಗವನ್ನು ಕಾನೂನಿನಂತೆಯೋ ಕರಾರಿನಂತೆಯೋ ವರ್ಗಾಯಿಸಲು ಬರುವುದಿಲ್ಲ. ಯಾವುದನ್ನು ಕಂಡೇ ಇರಲಿಲ್ಲವೋ ಅದು ತಾನಾಗಿ ವರ್ಗಾವಣೆಯಾಗುತ್ತದೆ.

ಹಿಂದಿನವರ ತೆರಿಗೆ ಬಾಕಿ

ಮೊದಲು ತಾನಾಗಿ ಬರುವುದನ್ನು ನೋಡೋಣ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 85ನೆಯ ಪ್ರಕರಣದ ಪ್ರಕಾರ, ವ್ಯಾಪಾರವನ್ನು ಪೂರ್ಣವಾಗಿ ಅಥವಾ ಭಾಗಶಃ ಮಾರಾಟ, ದಾನ, ಗುತ್ತಿಗೆ ಮುಂತಾದ ಯಾವುದೇ ರೀತಿಯಲ್ಲಿ ವರ್ಗಾಯಿಸಿದಾಗ, ವರ್ಗಾವಣೆಯ ದಿನದವರೆಗಿನ ತೆರಿಗೆ, ಬಡ್ಡಿ ಮತ್ತು ದಂಡಕ್ಕೆ ಕೊಟ್ಟವರು ಮತ್ತು ಕೊಂಡವರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರಾಗುತ್ತಾರೆ. ಸದರಿ ಬಾಕಿಯು ವರ್ಗಾವಣೆಗೆ ಮೊದಲೇ ನಿರ್ಧಾರವಾಗಿರಬೇಕೆಂದಿಲ್ಲ. ಆಮೇಲೆ ನಿರ್ಧಾರವಾದರೂ ಹೊಣೆ ತಪ್ಪುವುದಿಲ್ಲ. ಅಂದರೆ, ಖರೀದಿಯ ದಿನ ಪೋರ್ಟಲಿನಲ್ಲಿ ಯಾವ ಬಾಕಿಯೂ ಕಾಣಿಸದಿದ್ದ ಮಾತ್ರಕ್ಕೆ ಖರೀದಿದಾರರು ನಿಶ್ಚಿಂತರಾಗಿರುವಂತಿಲ್ಲ.

ಎಷ್ಟು ಕಾಲದವರೆಗೆ ಎಂಬುದನ್ನು ಹಲವರು ಕಡಿಮೆ ಅಂದಾಜು ಮಾಡುತ್ತಾರೆ. 2024-25 ಮತ್ತು ಆನಂತರದ ಆರ್ಥಿಕ ವರ್ಷಗಳಿಗೆ, ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ದಿನದಿಂದ 42 ತಿಂಗಳೊಳಗೆ ನೋಟಿಸು ನೀಡಲು ಕಾಯ್ದೆಯ 74ಎ ಪ್ರಕರಣದಲ್ಲಿ ಅವಕಾಶವಿದೆ. 2024-25ರ ವಾರ್ಷಿಕ ವಿವರಪಟ್ಟಿಗೆ ನಿಗದಿಯಾಗಿದ್ದ ದಿನ 2025ರ ಡಿಸೆಂಬರ್ 31. ಆ ಲೆಕ್ಕದಲ್ಲಿ 2029ರ ಜೂನ್ ತಿಂಗಳ ಕೊನೆಯವರೆಗೂ ಆ ಒಂದು ವರ್ಷದ ಬಗ್ಗೆ ನೋಟಿಸು ಬರಬಹುದು. ಹೀಗಿರುವಾಗ "ಆರು ತಿಂಗಳವರೆಗೆ ಒಂದು ಲಕ್ಷ ರೂಪಾಯಿ ತಡೆಹಿಡಿದುಕೊಳ್ಳುತ್ತೇವೆ" ಎಂಬ ಕರಾರಿನಿಂದ ದೊರೆಯುವ ರಕ್ಷಣೆ ಅತ್ಯಲ್ಪ.

"ಹಿಂದಿನ ಎಲ್ಲ ಬಾಕಿಗಳಿಗೆ ಮಾರಾಟಗಾರರೇ ಜವಾಬ್ದಾರರು" ಎಂದು ಕರಾರುಪತ್ರದಲ್ಲಿ ಬರೆಸಿಕೊಂಡರೆ ಸಾಕಲ್ಲವೇ ಎಂದು ಕೇಳಬಹುದು. ಬರೆಸಿಕೊಳ್ಳುವುದು ಅಗತ್ಯವೇ. ಆದರೆ ಆ ಮಾತು ಇಬ್ಬರ ನಡುವಿನದು. ತೆರಿಗೆ ಅಧಿಕಾರಿಗಳು ಅದಕ್ಕೆ ಬದ್ಧರಲ್ಲ. ಖರೀದಿದಾರರು ಮೊದಲು ಬಾಕಿಯನ್ನು ಕಟ್ಟಿ, ಆಮೇಲೆ ಮಾರಾಟಗಾರರನ್ನು ಹುಡುಕಿಕೊಂಡು ಹೋಗಿ ವಸೂಲು ಮಾಡಬೇಕಾಗುತ್ತದೆ. ಅವರು ಊರು ಬಿಟ್ಟಿದ್ದರೆ, ಅಥವಾ ಬಂದ ಹಣವನ್ನು ಬೇರೆ ಸಾಲಕ್ಕೆ ತೀರಿಸಿಬಿಟ್ಟಿದ್ದರೆ, ಆ ಮಾತು ಕಾಗದದ ಮೇಲಷ್ಟೇ ಉಳಿಯುತ್ತದೆ. ಆದುದರಿಂದ ಬೆಲೆಯ ಒಂದು ಗಣನೀಯ ಭಾಗವನ್ನು ವರ್ಷಗಳ ಕಂತುಗಳಾಗಿ ನೀಡುವಂತೆ ಒಪ್ಪಿಸುವುದು ಎಷ್ಟೇ ಕಟುವಾದ ಕರಾರಿನ ಮಾತಿಗಿಂತಲೂ ಹೆಚ್ಚು ಪ್ರಯೋಜನಕರ.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮಾರಾಟಗಾರರ ಖಾತೆಯಲ್ಲಿ ಬಳಕೆಯಾಗದೆ ಉಳಿದಿರುವ ಇನ್‌ಪುಟ್ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ಖರೀದಿದಾರರ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆದರೆ 18(3)ನೆಯ ಪ್ರಕರಣದಂತೆ ಇದಕ್ಕೆ ವ್ಯಾಪಾರದ ಹೊಣೆಗಾರಿಕೆಗಳೂ ವರ್ಗಾವಣೆಯಾಗುತ್ತವೆಂಬ ನಿರ್ದಿಷ್ಟ ಷರತ್ತು ಇರಬೇಕು, ಮತ್ತು ಅದನ್ನು ಲೆಕ್ಕಪರಿಶೋಧಕರು ಅಥವಾ ವೆಚ್ಚ ಲೆಕ್ಕಿಗರು ಪ್ರಮಾಣೀಕರಿಸಬೇಕು. ಜಮೆ ಬೇಕು, ಹೊಣೆ ಬೇಡ ಎನ್ನುವಂತಿಲ್ಲ. ಇದಲ್ಲದೆ, ಸದರಿ ನಮೂನೆಯನ್ನು ಮಾರಾಟಗಾರರು ತಮ್ಮ ನೋಂದಣಿಯಿಂದ ಸಲ್ಲಿಸಿ, ಖರೀದಿದಾರರು ತಮ್ಮ ನೋಂದಣಿಯಲ್ಲಿ ಒಪ್ಪಿಕೊಳ್ಳಬೇಕಾಗಿರುವುದರಿಂದ, ಆ ದಿನ ಇಬ್ಬರ ನೋಂದಣಿಯೂ ಚಾಲ್ತಿಯಲ್ಲಿರಬೇಕು. ಮಾರಾಟದ ಸಂಭ್ರಮದಲ್ಲಿ ಮಾರಾಟಗಾರರು ತಮ್ಮ ನೋಂದಣಿಯನ್ನು ಮೊದಲೇ ರದ್ದುಪಡಿಸಿಕೊಂಡರೆ ಈ ಜಮೆ ಕೈತಪ್ಪುತ್ತದೆ. ರದ್ದತಿಯ ಅರ್ಜಿಯನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳುವುದು ಉಚಿತ.

ನೋಂದಣಿ ಸಂಖ್ಯೆಯು ಪ್ಯಾನ್ ಸಂಖ್ಯೆಯನ್ನು ಆಧರಿಸಿರುವುದರಿಂದ, ಒಬ್ಬ ವ್ಯಕ್ತಿಯ ಮಾಲೀಕತ್ವದ ಅಂಗಡಿಯನ್ನು ಕೊಂಡವರು ಹಳೆಯ ಸಂಖ್ಯೆಯಲ್ಲಿ ವ್ಯಾಪಾರ ಮುಂದುವರಿಸಲು ಅವಕಾಶವಿಲ್ಲ. ವರ್ಗಾವಣೆಯ ದಿನದಿಂದಲೇ ಹೊಸ ನೋಂದಣಿಗೆ ಬಾಧ್ಯರಾಗುತ್ತಾರೆ. ಮಾರಾಟಗಾರರು ನೋಂದಣಿಯೇ ಇಲ್ಲದೆ ಮಾರುಕಟ್ಟೆ ತಾಣಗಳಲ್ಲಿ ಮಾರುತ್ತಿದ್ದರೆ ಅದೂ ಅಸಂಭವವಲ್ಲ. ಮಿತಿಯೊಳಗಿನ ವಹಿವಾಟಿನವರು ರಾಜ್ಯದೊಳಗೆ ಮಾತ್ರ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಷರತ್ತುಬದ್ಧ ಅನುಮತಿ ಇದೆ. ಆದರೆ ಅಂತಹ ಅಂಗಡಿಯಿಂದ ಚೆನ್ನೈಗೋ ಪುಣೆಗೋ ಸರಕು ಹೋಗಿದ್ದರೆ ಎಚ್ಚರಿಕೆಯಿಂದ ವಿಚಾರಿಸಬೇಕು.

ವ್ಯಾಪಾರವನ್ನು ನಡೆಯುತ್ತಿರುವ ಸ್ಥಿತಿಯಲ್ಲಿ ಇಡಿಯಾಗಿ, ಅಥವಾ ಅದರ ಸ್ವತಂತ್ರವಾಗಿ ನಡೆಯಬಲ್ಲ ಒಂದು ಭಾಗವನ್ನು, ವರ್ಗಾಯಿಸಿದರೆ ಆ ವರ್ಗಾವಣೆಯ ಮೇಲೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ದಾಸ್ತಾನು, ಗಣಕ, ಕಪಾಟು ಎಂದು ಬಿಡಿಬಿಡಿಯಾಗಿ ಕೊಂಡರೆ ಆಯಾ ವಸ್ತುವಿನ ದರದಂತೆ ತೆರಿಗೆ ಬೀಳುತ್ತದೆ. ಅಂಗಡಿಯು ಖಾಸಗಿ ಕಂಪನಿಯಾಗಿದ್ದು ಅದರ ಷೇರುಗಳನ್ನೇ ಕೊಂಡರೆ ನೋಂದಣಿ, ಕರಾರು, ಪರವಾನಗಿಗಳು ಕಂಪನಿಯಲ್ಲಿಯೇ ಉಳಿಯುತ್ತವೆ. ಅದರ ಎಲ್ಲ ಹಳೆಯ ಬಾಕಿ, ಮೊಕದ್ದಮೆಗಳೂ ಉಳಿಯುತ್ತವೆ. ಆದಾಯ ತೆರಿಗೆಯಲ್ಲಿಯೂ ಉತ್ತರಾಧಿಕಾರಿಯ ಹೊಣೆ ಇತ್ತು: 1961ರ ಕಾಯ್ದೆಯ 170ನೆಯ ಪ್ರಕರಣವು ಹಿಂದಿನ ಮಾಲೀಕರು ಸಿಗದಿದ್ದಾಗ ಕೊಂಡವರ ಮೇಲೆ ತೆರಿಗೆ ವಿಧಿಸಲು ಅವಕಾಶ ನೀಡಿತ್ತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿಯ ದಿನ 2026ರ ಏಪ್ರಿಲ್ 1 ಆಗಿರುವುದರಿಂದ, ತಮ್ಮ ವರ್ಗಾವಣೆಗೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿಯತಕ್ಕದ್ದು.

ಕೈಸೇರದ ವಸ್ತುಗಳು

ಆನ್‌ಲೈನ್ ಅಂಗಡಿಯ ಬೆಲೆಯನ್ನು ಹೆಚ್ಚಿಸುವುದು ಸಾಮಾನ್ಯವಾಗಿ ದೊಡ್ಡ ಮಾರುಕಟ್ಟೆ ತಾಣವೊಂದರಲ್ಲಿ ಅದಕ್ಕಿರುವ ಮಾರಾಟಗಾರರ ಖಾತೆ, ಅದರ ಜೊತೆಗಿರುವ ಸಾವಿರಾರು ಗ್ರಾಹಕರ ಅಭಿಪ್ರಾಯಗಳು ಮತ್ತು ನಕ್ಷತ್ರಗಳು. ಈ ಖಾತೆಯು ಮಾರಾಟಗಾರರ ಸ್ವತ್ತಲ್ಲ, ತಾಣದೊಂದಿಗಿನ ಒಂದು ಕರಾರು. ಖಾತೆಯನ್ನು ತಾಣದ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ವರ್ಗಾಯಿಸುವುದನ್ನು ಇಂತಹ ಕರಾರುಗಳು ಸಾಮಾನ್ಯವಾಗಿ ನಿರ್ಬಂಧಿಸುತ್ತವೆ. ಗುಪ್ತಪದವನ್ನು ಪಡೆದು, ಹಳೆಯವರ ಹೆಸರಿನಲ್ಲಿಯೇ ನಡೆಸಿಕೊಂಡು ಹೋಗುವ "ಹೊಂದಾಣಿಕೆ"ಯನ್ನು ಮಧ್ಯವರ್ತಿಗಳು ಸೂಚಿಸುವುದುಂಟು. ಇದರಲ್ಲಿ ಹಣವು ಹಳೆಯ ಮಾಲೀಕರ ಬ್ಯಾಂಕ್ ಖಾತೆಗೆ ಹೋಗುತ್ತದೆ, ತೆರಿಗೆ ಅವರ ಸಂಖ್ಯೆಯಲ್ಲಿ ಕಡಿತವಾಗುತ್ತದೆ, ತಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದ ದಿನ ಖಾತೆ ಸ್ಥಗಿತಗೊಂಡು ಒಳಗಿನ ಹಣವೂ ತಡೆಯಾಗುತ್ತದೆ. ಖರೀದಿಗೆ ಮೊದಲು ತಾಣದಿಂದ ಲಿಖಿತ ಉತ್ತರ ಪಡೆಯಬೇಕು. ಉತ್ತರ ದೊರೆಯದಿದ್ದರೆ ಆ ಖಾತೆಯ ಬೆಲೆಯನ್ನು ಸೊನ್ನೆ ಎಂದು ಭಾವಿಸಿ ಲೆಕ್ಕ ಹಾಕತಕ್ಕದ್ದು.

ಅಭಿಪ್ರಾಯಗಳ ವಿಷಯದಲ್ಲಿ ಮತ್ತೊಂದು ಮಾತು. 2020ರ ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ತಮ್ಮ ಸರಕಿನ ಬಗ್ಗೆ ಅಭಿಪ್ರಾಯ ಬರೆಯುವಂತಿಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ. ಎರಡು ವಾರಗಳೊಳಗೆ ಒಂದೇ ಧಾಟಿಯಲ್ಲಿ ಬಂದ ನೂರಾರು ಹೊಗಳಿಕೆಗಳು ಕಂಡರೆ ಅವನ್ನು ಆಸ್ತಿಯ ಸಾಲಿನಿಂದ ಹೊಣೆಯ ಸಾಲಿಗೆ ಸೇರಿಸಬೇಕಾಗುತ್ತದೆ.

ಗ್ರಾಹಕರ ಪಟ್ಟಿಯೂ ಹೀಗೆಯೇ. "ನಮ್ಮಲ್ಲಿ ಮೂವತ್ತು ಸಾವಿರ ಗ್ರಾಹಕರ ದೂರವಾಣಿ ಸಂಖ್ಯೆಗಳಿವೆ" ಎಂದು ಮಾರಾಟಗಾರರು ಹೇಳುವುದು ಪ್ರಲೋಭನೆಯ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಜಾರಿಗೆ ಪ್ರಕಟಣೆಯಿಂದ ಹದಿನೆಂಟು ತಿಂಗಳ ಕಾಲಾವಕಾಶವನ್ನು ನೀಡಲಾಗಿದೆ. ಗ್ರಾಹಕರು ಯಾವ ಉದ್ದೇಶಕ್ಕೆ ಸಮ್ಮತಿ ನೀಡಿದರೋ ಆ ಉದ್ದೇಶಕ್ಕೆ ಮಾತ್ರ ಮಾಹಿತಿಯ ಬಳಕೆ ಎಂಬುದು ಕಾಯ್ದೆಯ ಮೂಲತತ್ವ. ವಿಲೀನ ಮುಂತಾದವುಗಳಿಗೆ ಕಾಯ್ದೆಯ 17ನೆಯ ಪ್ರಕರಣದಲ್ಲಿರುವ ವಿನಾಯಿತಿಯು ನ್ಯಾಯಾಲಯ ಅಥವಾ ನ್ಯಾಯಮಂಡಳಿ ಅನುಮೋದಿಸಿದ ಕಂಪನಿಗಳ ಯೋಜನೆಗಳಿಗೆ ಸಂಬಂಧಿಸಿದ್ದು. ಜಯನಗರದ ಒಬ್ಬರು ರಾಜಾಜಿನಗರದ ಇನ್ನೊಬ್ಬರಿಗೆ ಮಾಡುವ ಖಾಸಗಿ ಮಾರಾಟಕ್ಕೆ ಅದು ಒದಗುವುದಿಲ್ಲ. ಯಾವ ಗ್ರಾಹಕರು ಯಾವಾಗ, ಯಾವ ಮಾತುಗಳಲ್ಲಿ ಸಮ್ಮತಿ ನೀಡಿದ್ದಾರೆ ಎಂಬ ದಾಖಲೆ ಇಲ್ಲದ ಪಟ್ಟಿಗೆ ಪ್ರತ್ಯೇಕ ಬೆಲೆ ಕೊಡುವುದು ಸೂಕ್ತವಲ್ಲ.

ವರ್ಗಾಯಿಸಲು ಬರುವ ವಸ್ತುಗಳೂ ಇವೆ, ಆದರೆ ಅವು ಮಾರಾಟಗಾರರದ್ದೇ ಆಗಿರಬೇಕು. ತಾಣದ ವಿಳಾಸವು ಹಲವು ಸಣ್ಣ ಅಂಗಡಿಗಳಲ್ಲಿ ತಾಣವನ್ನು ನಿರ್ಮಿಸಿಕೊಟ್ಟ ತಂತ್ರಜ್ಞರ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಅವರ ಹಳೆಯ ಶುಲ್ಕ ಬಾಕಿಯಿದ್ದರೆ ಅವರು ವಿಳಾಸವನ್ನು ಬಿಟ್ಟುಕೊಡುವುದಿಲ್ಲ. ಛಾಯಾಚಿತ್ರಗಳ ಹಕ್ಕು ಛಾಯಾಗ್ರಾಹಕರದ್ದಾಗಿರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು. ವ್ಯಾಪಾರ ಚಿಹ್ನೆಯು ನೋಂದಣಿಯಾಗಿದೆಯೇ, ಅರ್ಜಿಯ ಹಂತದಲ್ಲಿದೆಯೇ, ಯಾರಾದರೂ ಆಕ್ಷೇಪ ಸಲ್ಲಿಸಿದ್ದಾರೆಯೇ ಎಂಬುದನ್ನು ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಿ ನೋಡಬಹುದು. ಕೊಂಡ ಮೇಲೆ 1999ರ ಕಾಯ್ದೆಯ 45ನೆಯ ಪ್ರಕರಣದಂತೆ ತಮ್ಮ ಹೆಸರನ್ನು ದಾಖಲಿಸಲು ಅರ್ಜಿ ಸಲ್ಲಿಸಬೇಕು.

ನಮ್ಮ ರಾಜ್ಯದ ಆನ್‌ಲೈನ್ ಅಂಗಡಿಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ವಿಷಯವಿದೆ. ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ, ಮೈಸೂರು ರೇಷ್ಮೆ ಮುಂತಾದವು ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದಿವೆ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯ 24ನೆಯ ಪ್ರಕರಣವು ಈ ಹಕ್ಕನ್ನು ಮಾರುವುದನ್ನೂ, ಪರಭಾರೆ ಮಾಡುವುದನ್ನೂ, ಅಡವಿಡುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ "ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ಹಕ್ಕೂ ಸೇರಿದಂತೆ ಅಂಗಡಿ ಮಾರಾಟಕ್ಕಿದೆ" ಎಂಬ ಜಾಹೀರಾತು ಕಂಡರೆ, ಮಾರಲು ಬಾರದ್ದನ್ನು ಮಾರಲಾಗುತ್ತಿದೆ ಎಂದೇ ಅರ್ಥ. ಉಪ್ಪಿನಕಾಯಿ, ಚಟ್ನಿಪುಡಿ, ಕಾಫಿಪುಡಿ ಮಾರುವ ಅಂಗಡಿಗಳಲ್ಲಿ ಪೊಟ್ಟಣದ ಮೇಲಿರುವ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯು ಹಿಂದಿನವರದ್ದು. ಕೊಂಡವರು ತಮ್ಮ ಹೆಸರಿನಲ್ಲಿ ಪರವಾನಗಿ ಪಡೆಯದೆ ಅದೇ ಪೊಟ್ಟಣಗಳನ್ನು ಬಳಸುವಂತಿಲ್ಲ. ಮುದ್ರಿಸಿಟ್ಟ ಪೊಟ್ಟಣಗಳ ರಾಶಿಯನ್ನು ದಾಸ್ತಾನಿನ ಬೆಲೆಯಲ್ಲಿ ಸೇರಿಸಿದ್ದಾರೆಯೇ ಎಂದು ನೋಡಿಕೊಳ್ಳಿ.

ಲಾಭವೆಂದು ತೋರಿಸುವ ಅಂಕಿ

ಮಾರಾಟದ ಅಂಕಿಯನ್ನು ಪರೀಕ್ಷಿಸುವುದು ಆನ್‌ಲೈನ್ ಅಂಗಡಿಯಲ್ಲಿ ಒಂದು ರೀತಿಯಲ್ಲಿ ಸುಲಭ. ಮಾರುಕಟ್ಟೆ ತಾಣಗಳು ಮಾರಾಟಗಾರರ ಹಣದಿಂದ ಆದಾಯ ತೆರಿಗೆಯನ್ನು ಮೂಲದಲ್ಲಿ ಕಡಿತ ಮಾಡುತ್ತವೆ. ಇದರ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 1ರಿಂದ ಶೇ. 0.1ಕ್ಕೆ ಇಳಿಸಲಾಯಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ತಾಣಗಳು ಸಂಗ್ರಹಿಸುವ ಮೊತ್ತವಿದ್ದು, ಅದರ ದರ 2024ರ ಜುಲೈ 10ರಿಂದ ಶೇ. 0.5 ಆಯಿತು. ದರ ಅಲ್ಪವಾದರೂ ಇದರ ದಾಖಲೆಯು ಮಾರಾಟಗಾರರ ಕೈಯಿಂದ ಬರೆದದ್ದಲ್ಲ ಎಂಬುದೇ ಇದರ ಬೆಲೆ. 26ಎಎಸ್ ಎಂದು ಪರಿಚಿತವಾಗಿರುವ ತಃಖ್ತೆ, ಮಾಸಿಕ ಜಿಎಸ್‌ಟಿ ವಿವರಪಟ್ಟಿಗಳು, ಬ್ಯಾಂಕ್ ಖಾತೆಯ ವಿವರ, ಈ ಮೂರನ್ನೂ ಮೂರು ವರ್ಷಗಳಿಗೆ ಪಡೆದು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಮಾರಾಟಗಾರರು ಗಣಕದ ಪರದೆಯ ಚಿತ್ರಗಳನ್ನು ಮಾತ್ರ ಕಳುಹಿಸಿ, ಪೋರ್ಟಲಿಗೆ ತಮ್ಮೆದುರಿನಲ್ಲಿ ಪ್ರವೇಶಿಸಿ ತೋರಿಸಲು ಹಿಂಜರಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಮಾರಾಟದಿಂದ ಲಾಭಕ್ಕೆ ಬರುವ ದಾರಿ ದೀರ್ಘವಾದುದು. ಉದಾಹರಣೆಗೆ, ಬಳ್ಳಾರಿಯಿಂದ ಜೀನ್ಸ್ ಉಡುಪು ತರಿಸಿ ಮಾರುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ವರ್ಷಕ್ಕೆ ಒಂದು ಕೋಟಿ ರೂಪಾಯಿಯ ಬೇಡಿಕೆಗಳು ಬಂದಿವೆ ಎಂದು ಮಾರಾಟಗಾರರು ತೋರಿಸುತ್ತಾರೆ. ಇದರಲ್ಲಿ ರದ್ದಾದ, ಮರಳಿ ಬಂದ, ಬಾಗಿಲಿನಲ್ಲಿಯೇ ತಿರಸ್ಕೃತವಾದ ಸರಕು 28 ಲಕ್ಷ ರೂಪಾಯಿಯದು ಎಂದಿಟ್ಟುಕೊಳ್ಳಿ. ಉಳಿದದ್ದು 72 ಲಕ್ಷ. ಶೇ. 5ರ ತೆರಿಗೆಯನ್ನು ಕಳೆದರೆ ಸುಮಾರು 68.57 ಲಕ್ಷ. ತೆರಿಗೆ ಹೊರತುಪಡಿಸಿದ ಖರೀದಿ ವೆಚ್ಚ 43 ಲಕ್ಷ ಹೋದರೆ 25.57 ಲಕ್ಷ. ತಾಣದ ಶುಲ್ಕ ಮತ್ತು ಹೋಗಿಬರುವ ಎರಡೂ ಕಡೆಯ ಕೊರಿಯರ್ ವೆಚ್ಚ 11.20 ಲಕ್ಷ, ಜಾಹೀರಾತು 6.50 ಲಕ್ಷ, ಪೊಟ್ಟಣ ಮತ್ತು ಬಾಡಿಗೆ 1.87 ಲಕ್ಷ ಕಳೆದರೆ ಉಳಿಯುವುದು 6 ಲಕ್ಷ. ಇದರ ಮೂರು ಪಟ್ಟು, ಅಂದರೆ 18 ಲಕ್ಷ ರೂಪಾಯಿಯನ್ನು ಮಾರಾಟಗಾರರು ಕೇಳುತ್ತಾರೆ. ಮೂರು ವರ್ಷದಲ್ಲಿ ಹಾಕಿದ ಹಣ ಬರುತ್ತದೆ ಎಂಬುದು ಅವರ ವಾದ.

ಈ ಲೆಕ್ಕದಲ್ಲಿ ಒಂದು ವೆಚ್ಚವನ್ನು ಸೇರಿಸಿಲ್ಲ. ಮಾರಾಟಗಾರ ದಂಪತಿಗಳು ರಾತ್ರಿ ಹನ್ನೊಂದರವರೆಗೆ ತಾವೇ ಪೊಟ್ಟಣ ಕಟ್ಟಿ, ದೂರುಗಳಿಗೆ ಉತ್ತರಿಸುತ್ತಿದ್ದರು. ಅದಕ್ಕೆ ಸಂಬಳ ಹಾಕಿಕೊಂಡಿರಲಿಲ್ಲ. ಕೊಂಡವರು ತಿಂಗಳಿಗೆ 20 ಸಾವಿರದಂತೆ ಇಬ್ಬರನ್ನು ನೇಮಿಸಿಕೊಂಡರೆ ವರ್ಷಕ್ಕೆ 4.80 ಲಕ್ಷ. ಉಳಿದದ್ದು 1.20 ಲಕ್ಷ, ಅಂದರೆ ಹಾಕಿದ 18 ಲಕ್ಷ ಮರಳಲು ಹದಿನೈದು ವರ್ಷ. ಸಾಲ ತಂದು ಕೊಂಡಿದ್ದರೆ ಬಡ್ಡಿಗೂ ಸಾಲದು.

ಯಾವ ವರ್ಷದ ಅಂಕಿ ಎಂಬುದು ಅಷ್ಟೇ ಮುಖ್ಯ. ಇದಕ್ಕೆ ಹೊರದೇಶದ ಒಂದು ನಿದರ್ಶನ ಸಾಕು. 2018ರಲ್ಲಿ ಅಮೆರಿಕದಲ್ಲಿ ಆರಂಭವಾದ ಥ್ರೇಸಿಯೊ ಎಂಬ ಸಂಸ್ಥೆಯ ಕಸುಬೇ ಅಮೆಜಾನ್ ತಾಣದ ಸಣ್ಣ ಮಾರಾಟಗಾರರನ್ನು ಕೊಂಡುಕೊಳ್ಳುವುದಾಗಿತ್ತು. ಮೂರು ನೂರು ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಮತ್ತು ಸಾಲವನ್ನು ಅದು ಕೂಡಿಸಿತು. ಕೋವಿಡ್ ಕಾಲದಲ್ಲಿ ಜನರು ಮನೆಯಿಂದಲೇ ಎಲ್ಲವನ್ನೂ ತರಿಸಿಕೊಂಡಿದ್ದರಿಂದ ಏರಿದ್ದ ಮಾರಾಟ ಆಮೇಲೆ ಇಳಿಯಿತು. ಕೊಂಡ ಸರಕು ಗೋದಾಮುಗಳಲ್ಲಿ ಉಳಿಯಿತು. 2024ರ ಫೆಬ್ರುವರಿಯಲ್ಲಿ ಸಂಸ್ಥೆಯು ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಲೆಕ್ಕ ಬಲ್ಲವರ ಪಡೆಯನ್ನೇ ಇಟ್ಟುಕೊಂಡಿದ್ದ ಸಂಸ್ಥೆಯ ಗತಿ ಇದು. ಇದೇ ಮಾದರಿಯಲ್ಲಿ 2021ರಲ್ಲಿ ಬೆಂಗಳೂರಿನ ಮೆನ್ಸಾ ಬ್ರಾಂಡ್ಸ್ ಮುಂತಾದ ಸಂಸ್ಥೆಗಳು ನಮ್ಮ ದೇಶದಲ್ಲಿಯೂ ಹುಟ್ಟಿದ ಮೇಲೆ, ಸಣ್ಣ ಅಂಗಡಿಗಳ ಮಾಲೀಕರಲ್ಲಿ ಬೆಲೆಯ ನಿರೀಕ್ಷೆ ಏರಿದ್ದು ಸಹಜವೇ.

ಕೊಂಡ ಹೆಸರು ಉಳಿಯುವುದೆಂಬ ಭರವಸೆಯೂ ಇಲ್ಲ. ಬೆಂಗಳೂರಿನ ಮಿಂತ್ರಾ ಸಂಸ್ಥೆಯು 2016ರಲ್ಲಿ ಜಬಾಂಗ್ ತಾಣವನ್ನು 7 ಕೋಟಿ ಡಾಲರಿಗೆ ಕೊಂಡಿತು. 2020ರಲ್ಲಿ ಆ ತಾಣ ಮುಚ್ಚಿತು. ದೊಡ್ಡ ಸಂಸ್ಥೆಗೆ ಪ್ರತಿಸ್ಪರ್ಧಿಯೊಬ್ಬರು ಕಡಿಮೆಯಾದದ್ದೇ ಲಾಭವಾಗಿರಬಹುದು. ತಮ್ಮ ಉಳಿತಾಯವನ್ನೆಲ್ಲ ಹಾಕಿ ಒಂದೇ ಅಂಗಡಿ ಕೊಳ್ಳುವ ನಾಗರಿಕರಿಗೆ ಆ ಅನುಕೂಲವಿಲ್ಲ.

ಸಮೀಪದ ಎರಡು ಬದಲಾವಣೆಗಳನ್ನೂ ಹಳೆಯ ಅಂಕಿಗಳ ಜೊತೆ ಇಟ್ಟು ಓದಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸಿದ್ಧ ಉಡುಪಿಗೆ ಮೊದಲು ಸಾವಿರ ರೂಪಾಯಿವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟು ಶೇ. 12 ಇದ್ದದ್ದು, 2,500 ರೂಪಾಯಿವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟು ಶೇ. 18 ಆಯಿತು. 1,800 ರೂಪಾಯಿಯ ಉಡುಪು ಮಾರುವವರಿಗೆ ಅನುಕೂಲ, 3,000 ರೂಪಾಯಿಯದನ್ನು ಮಾರುವವರಿಗೆ ಹೊರೆ. ಎರಡನೆಯದು, 800 ಡಾಲರಿಗಿಂತ ಕಡಿಮೆ ಬೆಲೆಯ ಪಾರ್ಸೆಲುಗಳಿಗೆ ಅಮೆರಿಕವು ನೀಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ರದ್ದುಪಡಿಸಿತು. ಆ ದಿನಗಳಲ್ಲಿ ಭಾರತೀಯ ಅಂಚೆಯು ಅಲ್ಲಿಗೆ ಹೋಗುವ ಬಹುತೇಕ ಪಾರ್ಸೆಲುಗಳನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನರಾರಂಭಿಸಿತು. ಬೊಂಬೆ, ಸೀರೆ, ಮಸಾಲೆಗಳನ್ನು ಅನಿವಾಸಿ ಕನ್ನಡಿಗರಿಗೆ ಬಿಡಿಬಿಡಿಯಾಗಿ ಕಳುಹಿಸುತ್ತಿದ್ದ ಅಂಗಡಿಯ 2023 ಮತ್ತು 2024ರ ಲಾಭವು ಆ ವಿನಾಯಿತಿಯ ನೆರಳಿನಲ್ಲಿ ಬಂದದ್ದು.

ಅನಿವಾಸಿಗಳು ತಾವೇ ಊರಿನ ಅಂಗಡಿಯೊಂದನ್ನು ಕೊಳ್ಳುವುದಾದರೆ, ಸ್ವಂತ ದಾಸ್ತಾನಿಟ್ಟು ಆನ್‌ಲೈನಿನಲ್ಲಿ ಮಾರುವ ವ್ಯಾಪಾರದಲ್ಲಿ ವಿದೇಶಿ ನೇರ ಬಂಡವಾಳಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ ಎಂಬುದನ್ನು ಅರಿತಿರಬೇಕು. ಲಾಭ ಮತ್ತು ಬಂಡವಾಳವನ್ನು ಹೊರದೇಶಕ್ಕೆ ಕೊಂಡೊಯ್ಯದ ಷರತ್ತಿನ ಹೂಡಿಕೆಗೆ ನಿಯಮಗಳು ಬೇರೆ. ಹಣ ಕಳುಹಿಸುವ ಮೊದಲು ತಮ್ಮ ಬ್ಯಾಂಕನ್ನು ವಿಚಾರಿಸತಕ್ಕದ್ದು.

ಕರಾರು ಮತ್ತು ಹಸ್ತಾಂತರ

ಮಾರಿದವರು ಮರುತಿಂಗಳೇ ಇನ್ನೊಂದು ಹೆಸರಿನಲ್ಲಿ ಅದೇ ಸರಕಿನ ಅಂಗಡಿ ತೆರೆದರೆ ಏನು ಗತಿ? 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಪ್ರಕರಣವು ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳನ್ನು ಅಸಿಂಧುವೆಂದು ಹೇಳಿದರೂ, ವ್ಯಾಪಾರದ ಸದ್ಭಾವನೆಯನ್ನು ಮಾರಿದವರಿಗೆ ಒಂದು ಅಪವಾದವನ್ನು ಇಟ್ಟಿದೆ: ನಿರ್ದಿಷ್ಟ ಸ್ಥಳೀಯ ಎಲ್ಲೆಯೊಳಗೆ ಅದೇ ಬಗೆಯ ವ್ಯಾಪಾರ ಮಾಡುವುದಿಲ್ಲವೆಂದು ಅವರು ಒಪ್ಪಬಹುದು, ಆ ಎಲ್ಲೆ ನ್ಯಾಯಸಮ್ಮತವಾಗಿರಬೇಕು. ನೂರೈವತ್ತು ವರ್ಷಗಳ ಹಿಂದೆ ಸಂತೆ ಬೀದಿಯ ಅಂಗಡಿಯನ್ನು ಮನಸ್ಸಿನಲ್ಲಿಟ್ಟು ಬರೆದ ಈ ಮಾತು, ದೇಶವೆಲ್ಲವೂ ಗಿರಾಕಿಯಾಗಿರುವ ಆನ್‌ಲೈನ್ ಅಂಗಡಿಗೆ ಹೇಗೆ ಹೊಂದುತ್ತದೆ ಎಂಬುದು ವಾದಕ್ಕೆ ಎಡೆಯಿರುವ ವಿಷಯ. "ಎಲ್ಲಿಯೂ, ಎಂದೆಂದಿಗೂ" ಎಂದು ಬರೆಸುವ ಬದಲು, ಯಾವ ಸರಕು, ಯಾವ ರಾಜ್ಯಗಳು, ಎಷ್ಟು ವರ್ಷ ಎಂದು ನಿರ್ದಿಷ್ಟವಾಗಿ ಬರೆಸುವುದು ಹೆಚ್ಚು ಸುರಕ್ಷಿತ. ಕರಾರುಪತ್ರಕ್ಕೆ 1957ರ ಕರ್ನಾಟಕ ಸ್ಟಾಂಪು ಕಾಯ್ದೆಯಂತೆ ತಕ್ಕ ಮುದ್ರಾಂಕ ಶುಲ್ಕ ಪಾವತಿಸದಿದ್ದರೆ, ವಿವಾದ ಎದ್ದಾಗ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಅಡ್ಡಿಯಾಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಬಿಳಿ ಹಾಳೆಯ ಮೇಲೆ ಕರಾರು ಬರೆದುಕೊಳ್ಳುವವರು ಇಂದಿಗೂ ಇದ್ದಾರೆ.

ವರ್ಗಾವಣೆಯ ದಿನ ದಾರಿಯಲ್ಲಿರುವ ಪೊಟ್ಟಣಗಳು, ಇನ್ನೂ ಕೊರಿಯರ್ ಸಂಸ್ಥೆಯಿಂದ ಬರಬೇಕಾದ ಹಣ, ಹಿಂದಿನ ವಾರ ಮಾರಿದ ಸರಕು ಮುಂದಿನ ವಾರ ಮರಳಿದರೆ ಅದರ ಮೊತ್ತ ಯಾರದು ಎಂಬುದನ್ನು ದಿನಾಂಕ ಸಮೇತ ಬರೆದಿಡಬೇಕು. ಗ್ರಾಹಕರಿಗೆ ಈ ಒಳಗಿನ ಏರ್ಪಾಡು ತಿಳಿಯದು. ಅವರು ತಾಣದಲ್ಲಿ ಕಾಣುವ ಹೆಸರಿನವರನ್ನೇ ಕೇಳುತ್ತಾರೆ. 2020ರ ನಿಯಮಗಳಂತೆ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದಲ್ಲಿ ಅವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತಾರೆ.

ದಾಸ್ತಾನನ್ನು ಪಟ್ಟಿಯಲ್ಲಿ ಓದದೆ ಕೈಯಿಂದ ಎಣಿಸಬೇಕು. ಮಾರುಕಟ್ಟೆ ತಾಣದ ಗೋದಾಮಿನಲ್ಲಿರುವ ಸರಕು ಮಾರಾಟಗಾರರ ನೋಂದಣಿಯ ಹೆಚ್ಚುವರಿ ವ್ಯಾಪಾರ ಸ್ಥಳದಲ್ಲಿರುವಂಥದ್ದು; ಅದನ್ನು ಹೊರತೆಗೆದು ತರುವ ವೆಚ್ಚ ಮತ್ತು ಕಾಲ ಯಾರ ಪಾಲಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪಾವತಿ ಸಂಸ್ಥೆಯಲ್ಲಿ ಹೊಸ ಮಾಲೀಕರು ಹೊಸದಾಗಿ ಗುರುತಿನ ದಾಖಲೆ ಸಲ್ಲಿಸಿ ಖಾತೆ ತೆರೆಯಬೇಕಾಗುವುದರಿಂದ, ಜಿಎಸ್‌ಟಿ ನೋಂದಣಿ ದೊರೆತ ಮೇಲೆಯೇ ಹಸ್ತಾಂತರದ ದಿನವನ್ನು ಗೊತ್ತುಪಡಿಸುವುದು ಅನುಕೂಲ. ಕೊನೆಯದಾಗಿ, ಅಂಗಡಿಯ ವಾಟ್ಸಾಪ್ ವ್ಯವಹಾರ ನಡೆಯುವ ಮೊಬೈಲ್ ಸಂಖ್ಯೆ ಮಾರಾಟಗಾರರ ಹೆಸರಿನಲ್ಲಿದ್ದರೆ, ಅದನ್ನು ದೂರವಾಣಿ ಸಂಸ್ಥೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡ ಅನಂತರವೇ ಕೊನೆಯ ಕಂತನ್ನು ಪಾವತಿಸಿ. ಸಂಕೇತ ಸಂಖ್ಯೆಗಳೆಲ್ಲ ಬರುವುದು ಆ ಒಂದು ಮೊಬೈಲಿಗೇ.